ಉಸಿರು ಎಲ್ಲಿ ಮುಗಿಯಿತು: ಎರಡನೇ ಮಹಾಯುದ್ಧದ ಮೊದಲ ಸೋಲುಗಳು, ಆಮೇಲಿನ ತಿರುವುಗಳು

1942ರ ಆಗಸ್ಟ್ ತಿಂಗಳ ಭೂಪಟವನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ. ಜರ್ಮನ್ ಸೈನ್ಯ ರಷ್ಯಾದ ವೋಲ್ಗಾ ನದಿಯ ದಡ ಮುಟ್ಟಿದೆ. ಕಾಕಸಸ್ ಪರ್ವತಗಳ ಅತಿ ಎತ್ತರದ ಶಿಖರವಾದ ಎಲ್‌ಬ್ರುಸ್ ಮೇಲೆ ಜರ್ಮನ್ ಬಾವುಟ ಹಾರಿದೆ. ಈಜಿಪ್ಟಿನ ಮರಳಿನಲ್ಲಿ ಜರ್ಮನ್ ಸೇನಾಪತಿ ರೋಮೆಲ್‌ನ ಟ್ಯಾಂಕುಗಳು ಅಲೆಕ್ಸಾಂಡ್ರಿಯಾ ನಗರದಿಂದ ಸುಮಾರು ನೂರು ಕಿಲೋಮೀಟರ್ ದೂರದಲ್ಲಿ ನಿಂತಿವೆ. ಏಷ್ಯಾದಲ್ಲಿ ಸಿಂಗಪುರ, ಜಾವಾ, ರಂಗೂನ್ ಮೂರೂ ಜಪಾನಿನ ಕೈ ಸೇರಿವೆ. ಭಾರತದಲ್ಲಿ ಅದೇ ತಿಂಗಳು ಕ್ವಿಟ್ ಇಂಡಿಯಾ ಚಳವಳಿ ಹೊತ್ತಿಕೊಂಡಿದೆ. ಬ್ರಿಟಿಷರು ಈ ದೇಶವನ್ನು ಜಪಾನಿನಿಂದ ಕಾಪಾಡಬಲ್ಲರೇ ಎಂಬ ಅನುಮಾನ ಊರೂರಿನಲ್ಲೂ ಇದೆ.

ಈಗ ಆರು ತಿಂಗಳು ಮುಂದೆ ಬನ್ನಿ. 1943ರ ಫೆಬ್ರುವರಿಯ ಮೊದಲ ಹತ್ತು ದಿನಗಳು. ಸ್ಟಾಲಿನ್‌ಗ್ರಾಡ್‌ನಲ್ಲಿ ಜರ್ಮನಿಯ ಒಂದು ಇಡೀ ಸೈನ್ಯ ಶರಣಾಗಿದೆ. ರೋಮೆಲ್ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ಹಿಂದೆ ಸರಿದು ಟ್ಯುನೀಷಿಯಾ ಸೇರಿದ್ದಾನೆ. ಪೆಸಿಫಿಕ್ ಸಾಗರದ ಗ್ವಾಡಲ್‌ಕನಾಲ್ ದ್ವೀಪವನ್ನು ಜಪಾನೀಯರು ಇರುಳಿನಲ್ಲಿ ಹಡಗು ಹತ್ತಿ ಖಾಲಿ ಮಾಡಿದ್ದಾರೆ.

ಆರು ತಿಂಗಳಲ್ಲಿ ಏನಾಯಿತು? ಯುದ್ಧದ ಸುದ್ದಿ ಮತ್ತೆ ಮನೆಮನೆಯ ಟಿವಿಗೆ ಬಂದಿರುವ ಈ ದಿನಗಳಲ್ಲಿ ‘ಭಾರಿ ಹಿನ್ನಡೆ’, ‘ನಿರ್ಣಾಯಕ ತಿರುವು’ ಎಂಬ ಮಾತುಗಳನ್ನು ದಿನಕ್ಕೆ ಹತ್ತು ಸಲ ಕೇಳುತ್ತೇವೆ. ಆ ಮಾತುಗಳಿಗೆ ನಿಜವಾದ ಅರ್ಥವೇನು ಎಂದು ತಿಳಿಯಲು ಎರಡನೇ ಮಹಾಯುದ್ಧದ ಮೊದಲ ಮೂರೂವರೆ ವರ್ಷಗಳಿಗಿಂತ ಒಳ್ಳೆಯ ಪಾಠ ಸಿಗಲಾರದು.

ಮೊದಲು ಕೆಲವು ಪದಗಳು

ಯುದ್ಧ ನಡೆದದ್ದು 1939ರಿಂದ 1945ರವರೆಗೆ. ಒಂದು ಕಡೆ ಜರ್ಮನಿ, ಇಟಲಿ, ಜಪಾನ್. ಇವುಗಳನ್ನು ಅಕ್ಷ ರಾಷ್ಟ್ರಗಳು ಎನ್ನುತ್ತಾರೆ. ಇನ್ನೊಂದು ಕಡೆ ಬ್ರಿಟನ್, ಫ್ರಾನ್ಸ್, 1941ರಿಂದ ಸೋವಿಯತ್ ರಷ್ಯಾ ಮತ್ತು ಅಮೆರಿಕ, ಜೊತೆಗೆ 1937ರಿಂದಲೇ ಜಪಾನಿನೊಡನೆ ಹೋರಾಡುತ್ತಿದ್ದ ಚೀನಾ. ಇವು ಮಿತ್ರ ರಾಷ್ಟ್ರಗಳು. ಭಾರತವನ್ನು ಯಾರೂ ಕೇಳಲಿಲ್ಲ. ವೈಸ್‌ರಾಯ್ ಘೋಷಿಸಿದ, ನಾವು ಯುದ್ಧದಲ್ಲಿದ್ದೆವು. ಯುದ್ಧ ಮುಗಿಯುವಷ್ಟರಲ್ಲಿ ಭಾರತೀಯ ಸೈನ್ಯದಲ್ಲಿ ಸುಮಾರು 25 ಲಕ್ಷ ಜನರಿದ್ದರು.

ಪೂರೈಕೆ ಮಾರ್ಗ ಎಂದರೆ ಸೈನಿಕನ ಊಟ, ನೀರು, ಗುಂಡು, ಪೆಟ್ರೋಲು, ಔಷಧಿ ಅವನಿರುವಲ್ಲಿಗೆ ಬರುವ ದಾರಿ. ಸೈನ್ಯ ಮುಂದೆ ಹೋದಷ್ಟೂ ಈ ದಾರಿ ಉದ್ದವಾಗುತ್ತದೆ.

ಇನ್ನು ಹಿನ್ನಡೆ ಮತ್ತು ತಿರುವು. ಇವೆರಡನ್ನು ಬಿಡಿಸಿ ಹೇಳಲು ನನಗೆ ಕಬಡ್ಡಿಗಿಂತ ಒಳ್ಳೆಯ ಹೋಲಿಕೆ ಹೊಳೆಯುವುದಿಲ್ಲ. ದಾಳಿಗಾರ ಒಂದೇ ಉಸಿರಿನಲ್ಲಿ ಎದುರಾಳಿಯ ಅಂಗಳಕ್ಕೆ ನುಗ್ಗುತ್ತಾನೆ. ಒಬ್ಬನನ್ನು ಮುಟ್ಟುತ್ತಾನೆ, ಇಬ್ಬರನ್ನು ಮುಟ್ಟುತ್ತಾನೆ. ಅದು ಎದುರಾಳಿಗೆ ಹಿನ್ನಡೆ. ಆದರೆ ಅವನು ನಡುಗೆರೆಯಿಂದ ಎಷ್ಟು ದೂರ ಹೋದನೋ ಅಷ್ಟೇ ದೂರ ಅದೇ ಉಸಿರಿನಲ್ಲಿ ಹಿಂದಿರುಗಬೇಕು. ಆ ಉಸಿರು ಎದುರಾಳಿಯ ಅಂಗಳದಲ್ಲಿಯೇ ಮುಗಿದರೆ ಅದು ತಿರುವು. ಎದುರಾಳಿ ಅಷ್ಟರವರೆಗೆ ಅಂಗಳದಲ್ಲಿ ಉಳಿದಿರಬೇಕು, ಹಿಡಿಯಲು ಕೈಗಳಿರಬೇಕು, ಅಷ್ಟೇ.

ಆರು ವಾರದಲ್ಲಿ ಫ್ರಾನ್ಸ್ ಬಿದ್ದದ್ದು

1939ರ ಸೆಪ್ಟೆಂಬರ್ 1ರಂದು ಜರ್ಮನಿ ಪೋಲೆಂಡಿನ ಮೇಲೆ ನುಗ್ಗಿತು. ಎರಡು ದಿನ ಬಿಟ್ಟು ಬ್ರಿಟನ್ ಮತ್ತು ಫ್ರಾನ್ಸ್ ಯುದ್ಧ ಘೋಷಿಸಿದವು. 17ರಂದು ಪೂರ್ವದಿಂದ ಸೋವಿಯತ್ ಸೈನ್ಯವೂ ಒಳಬಂದು ಪೋಲೆಂಡ್ ಇಬ್ಭಾಗವಾಯಿತು. ಜಗತ್ತು ಬೆಚ್ಚಿಬಿದ್ದದ್ದು ಮಾತ್ರ ಮುಂದಿನ ವರ್ಷ.

1940ರ ಮೇ 10ರಂದು ಪಶ್ಚಿಮದಲ್ಲಿ ದಾಳಿ ಆರಂಭವಾಯಿತು. ಫ್ರಾನ್ಸ್ ಬಡಪಾಯಿ ದೇಶವಲ್ಲ. ಟ್ಯಾಂಕುಗಳ ಲೆಕ್ಕದಲ್ಲಿ ಫ್ರಾನ್ಸ್ ಮತ್ತು ಬ್ರಿಟನ್ ಸೇರಿ ಜರ್ಮನಿಗಿಂತ ಮುಂದಿದ್ದವು. ಕೆಲವು ಫ್ರೆಂಚ್ ಟ್ಯಾಂಕುಗಳ ಕವಚ ಜರ್ಮನ್ ಟ್ಯಾಂಕುಗಳದ್ದಕ್ಕಿಂತ ದಪ್ಪ. ಜರ್ಮನಿಯ ಗಡಿಗುಂಟ ಮ್ಯಾಜಿನೋ ರೇಖೆ ಎಂಬ ಕಾಂಕ್ರೀಟ್ ಕೋಟೆಗಳ ಸಾಲೇ ಇತ್ತು. ಜರ್ಮನರು ಆ ಕೋಟೆಗೆ ತಲೆ ಚಚ್ಚಿಕೊಳ್ಳಲಿಲ್ಲ. ಉತ್ತರದಲ್ಲಿ ಹಾಲೆಂಡ್, ಬೆಲ್ಜಿಯಂ ಕಡೆ ಗದ್ದಲ ಮಾಡಿ, ಮಿತ್ರರ ಒಳ್ಳೆಯ ಪಡೆಗಳು ಅತ್ತ ಓಡುವಂತೆ ಮಾಡಿ, ನಡುವಿನ ಆರ್ಡೆನ್ ಕಾಡಿನ ಕಿರಿದಾದ ರಸ್ತೆಗಳಲ್ಲಿ ಟ್ಯಾಂಕುಗಳನ್ನು ತಂದರು. ದೊಡ್ಡ ಟ್ಯಾಂಕ್ ಪಡೆ ಆ ಕಾಡಿನಲ್ಲಿ ಬೇಗ ಬರಲಾರದು ಎಂದು ಫ್ರೆಂಚ್ ಸೇನಾಧಿಪತಿಗಳು ನಂಬಿದ್ದರು. ಮೇ 13ರಂದು ಜರ್ಮನರು ಸೆಡಾನ್ ಬಳಿ ಮ್ಯೂಸ್ ನದಿ ದಾಟಿದರು. 20ಕ್ಕೆ ಸಮುದ್ರ ಮುಟ್ಟಿದರು. ಉತ್ತರಕ್ಕೆ ಹೋಗಿದ್ದ ಸೈನ್ಯದ ಬೆನ್ನ ಹಿಂದಿನ ಬಾಗಿಲು ಮುಚ್ಚಿಹೋಯಿತು.

ಇದರಲ್ಲಿ ಕಣ್ಣಿಗೆ ಬೀಳದ ಒಂದು ಕಾರಣವಿದೆ: ಮಾತು ತಲುಪುವ ವೇಗ. ಜರ್ಮನ್ ಟ್ಯಾಂಕುಗಳಲ್ಲಿ ರೇಡಿಯೋ ಇತ್ತು. ಮುಂದಿದ್ದ ಅಧಿಕಾರಿ ನೋಡಿದ್ದನ್ನು ನಿಮಿಷಗಳಲ್ಲಿ ಹಿಂದಿನವರಿಗೆ ತಿಳಿಸಬಹುದಿತ್ತು. ಪ್ಯಾರಿಸಿನ ಹೊರಗೆ ವ್ಯಾನ್‌ಸೆನ್ ಕೋಟೆಯಲ್ಲಿದ್ದ ಫ್ರೆಂಚ್ ಪ್ರಧಾನ ಸೇನಾಪತಿ ಗಾಮ್ಲಾನ್‌ನ ಕಚೇರಿಯಲ್ಲಿ ರೇಡಿಯೋ ಸಂಪರ್ಕವೇ ಇರಲಿಲ್ಲ. ದೂರವಾಣಿ, ಇಲ್ಲವೇ ಮೋಟಾರ್ ಸೈಕಲ್ಲಿನಲ್ಲಿ ಓಲೆ ಒಯ್ಯುವ ಸವಾರ. ಅಪ್ಪಣೆ ತಲುಪುವ ಹೊತ್ತಿಗೆ ಅದರಲ್ಲಿ ಹೆಸರಿಸಿದ ಊರು ಶತ್ರುವಿನ ಕೈಯಲ್ಲಿರುತ್ತಿತ್ತು.

ಸಿಕ್ಕಿಬಿದ್ದವರು ಡನ್‌ಕರ್ಕ್ ಎಂಬ ಬಂದರಿನ ಮರಳ ದಂಡೆಗೆ ಬಂದು ಸೇರಿದರು. ಮೇ 26ರಿಂದ ಜೂನ್ 4ರವರೆಗೆ ಯುದ್ಧನೌಕೆ, ದೋಣಿ, ಮೀನುಗಾರರ ಹಡಗು, ಸಿಕ್ಕಿದ್ದರಲ್ಲೆಲ್ಲ ಹತ್ತಿಸಿ ಸುಮಾರು 3,38,000 ಸೈನಿಕರನ್ನು ಬ್ರಿಟನ್ನಿಗೆ ಸಾಗಿಸಲಾಯಿತು. ಆ ದಂಡೆಯಲ್ಲಿ ನಮ್ಮವರೂ ಇದ್ದರು. ಬ್ರಿಟಿಷ್ ಪಡೆಗೆ ಸಾಮಾನು ಹೊರಲು ಹೇಸರಗತ್ತೆಗಳು ಬೇಕಾಗಿ, 1939ರ ಡಿಸೆಂಬರಿನಲ್ಲಿ ಭಾರತದಿಂದ ನಾಲ್ಕು ಹೇಸರಗತ್ತೆ ದಳಗಳು ಫ್ರಾನ್ಸಿಗೆ ಹೋಗಿದ್ದವು. ಅವುಗಳಲ್ಲಿ ಹೆಚ್ಚಿನವರು ಪಂಜಾಬಿನ ಮುಸಲ್ಮಾನ ಸೈನಿಕರು. ಹಡಗಿನಲ್ಲಿ ಪ್ರಾಣಿಗಳಿಗೆ ಜಾಗವಿಲ್ಲದೆ, ಸಾಕಿದ ಹೇಸರಗತ್ತೆಗಳನ್ನು ಬಿಟ್ಟು ಅವರು ಹೊರಡಬೇಕಾಯಿತು.

ಜೂನ್ 14ಕ್ಕೆ ಪ್ಯಾರಿಸ್ ಬಿತ್ತು, 22ಕ್ಕೆ ಫ್ರಾನ್ಸ್ ಸಂಧಿಗೆ ಸಹಿ ಹಾಕಿತು. ಡನ್‌ಕರ್ಕ್ ಗೆಲುವಲ್ಲ; ಫಿರಂಗಿ, ಲಾರಿ, ಟ್ಯಾಂಕು ಎಲ್ಲ ಅಲ್ಲಿಯೇ ಉಳಿದವು. ಆದರೆ ಬ್ರಿಟನ್ನಿನ ತರಬೇತಿ ಪಡೆದ ಸೈನ್ಯ ಅಂಗಳದಲ್ಲಿ ಉಳಿಯಿತು.

ಬ್ರಿಟನ್ನಿನ ಆಕಾಶ: ಮೊದಲ ತಡೆ

ಬ್ರಿಟನ್ನಿಗೆ ಸೈನ್ಯ ಇಳಿಸುವ ಮೊದಲು ಜರ್ಮನಿಗೆ ಆಕಾಶ ಬೇಕಿತ್ತು. 1940ರ ಜುಲೈಯಿಂದ ಅಕ್ಟೋಬರ್‌ವರೆಗೆ ನಡೆದ ವಿಮಾನಗಳ ಕಾಳಗದಲ್ಲಿ ಬ್ರಿಟನ್ ಉಳಿದದ್ದಕ್ಕೆ ಪೈಲಟ್‌ಗಳ ಧೈರ್ಯ ಒಂದು ಕಾರಣ, ರಾಡಾರ್ ಇನ್ನೊಂದು. ಕಾಡಂಚಿನ ಹೊಲದ ರೈತ ಇಡೀ ರಾತ್ರಿ ಬೇಲಿ ಸುತ್ತುವುದಿಲ್ಲ. ಅಟ್ಟಣೆ ಮೇಲೆ ಕುಳಿತು, ಆನೆ ಯಾವ ಕಡೆಯಿಂದ ಬರುತ್ತಿದೆ ಎಂದು ನೋಡಿ ಆ ಕಡೆಗೆ ಮಾತ್ರ ಜನರನ್ನು ಕೂಗುತ್ತಾನೆ. ರಾಡಾರ್ ಮಾಡಿದ್ದು ಅದೇ ಕೆಲಸ. ಕರಾವಳಿಯ ಗೋಪುರಗಳು ಬರುವ ವಿಮಾನಗಳನ್ನು ಸಮುದ್ರದ ಮೇಲಿರುವಾಗಲೇ ಗುರುತಿಸಿ, ದೂರವಾಣಿಯಲ್ಲಿ ಕೇಂದ್ರಕ್ಕೆ ತಿಳಿಸುತ್ತಿದ್ದವು. ಇದ್ದ ಸಾವಿರದೊಳಗಿನ ಯುದ್ಧವಿಮಾನಗಳನ್ನು ಸುಮ್ಮನೆ ಆಕಾಶದಲ್ಲಿ ಸುತ್ತಿಸಿ ದಣಿಸುವ ಅಗತ್ಯ ಬೀಳಲಿಲ್ಲ.

ಜರ್ಮನ್ ಯುದ್ಧವಿಮಾನಗಳ ಉಸಿರು ಇಲ್ಲಿ ಅಕ್ಷರಶಃ ಕಡಿಮೆ. ಲಂಡನ್ ಮೇಲೆ ಹೋರಾಡಲು ಅವುಗಳಿಗೆ ಉಳಿಯುತ್ತಿದ್ದ ಪೆಟ್ರೋಲು ಹತ್ತಿಪ್ಪತ್ತು ನಿಮಿಷದ್ದು. ಬಿದ್ದ ಬ್ರಿಟಿಷ್ ಪೈಲಟ್ ಬದುಕಿದ್ದರೆ ಮರುದಿನ ಮತ್ತೆ ವಿಮಾನ ಹತ್ತಬಹುದು. ಬಿದ್ದ ಜರ್ಮನ್ ಪೈಲಟ್ ಸೆರೆಯಾಳು. ಸೆಪ್ಟೆಂಬರ್ 17ರಂದು ಹಿಟ್ಲರ್ ಬ್ರಿಟನ್ ದಾಳಿಯನ್ನು ಮುಂದೂಡಿದ. ಆ ದಿನ ಮತ್ತೆ ಬರಲೇ ಇಲ್ಲ.

ರಷ್ಯಾ 1941: ಗೇಜ್ ಬೇರೆಯಾದ ರೈಲು

1941ರ ಜೂನ್ 22ರಂದು ಮೂವತ್ತು ಲಕ್ಷಕ್ಕೂ ಹೆಚ್ಚು ಸೈನಿಕರೊಂದಿಗೆ ಜರ್ಮನಿ ರಷ್ಯಾದ ಮೇಲೆ ಬಿತ್ತು. ದಾಳಿಯ ಮುನ್ಸೂಚನೆ ಹಲವು ಕಡೆಯಿಂದ ಬಂದಿದ್ದರೂ ಸ್ಟಾಲಿನ್ ನಂಬಿರಲಿಲ್ಲ. ಮೊದಲ ದಿನವೇ ಸಾವಿರಕ್ಕೂ ಹೆಚ್ಚು ಸೋವಿಯತ್ ವಿಮಾನಗಳು ನಾಶವಾದವು, ಹೆಚ್ಚಿನವು ನೆಲದ ಮೇಲೆ ನಿಂತಲ್ಲಿಯೇ. ಸೆಪ್ಟೆಂಬರಿನಲ್ಲಿ ಕೀವ್ ನಗರದ ಸುತ್ತ ಲಕ್ಷಗಟ್ಟಲೆ ಸೈನಿಕರು ಸೆರೆ ಸಿಕ್ಕರು. ಇಷ್ಟು ದೊಡ್ಡ ಹಿನ್ನಡೆಯನ್ನು ತಡೆದುಕೊಂಡು ಉಳಿದ ಸೈನ್ಯ ಚರಿತ್ರೆಯಲ್ಲಿ ಅಪರೂಪ.

ಟ್ಯಾಂಕುಗಳ ಚಿತ್ರ ನೋಡಿ ನಾವು ಜರ್ಮನ್ ಸೈನ್ಯವೆಲ್ಲ ಯಂತ್ರದ ಮೇಲೆ ಓಡುತ್ತಿತ್ತು ಎಂದುಕೊಳ್ಳುತ್ತೇವೆ. ಅದು ತಪ್ಪು. ಆ ಸೈನ್ಯದೊಂದಿಗೆ ಸುಮಾರು ಆರು ಲಕ್ಷ ಕುದುರೆಗಳು ಹೊರಟಿದ್ದವು. ಬಹುಪಾಲು ಸೈನಿಕರು ನಡೆದೇ ಹೋದರು. ಭಾರಿ ಸಾಮಾನು ಸಾಗಬೇಕಾದದ್ದು ರೈಲಿನಲ್ಲಿ. ರಷ್ಯಾದ ಹಳಿಗಳ ನಡುವಿನ ಅಂತರವೋ ಜರ್ಮನಿಯದಕ್ಕಿಂತ ಸುಮಾರು ಒಂಬತ್ತು ಸೆಂಟಿಮೀಟರ್ ಹೆಚ್ಚು. ಮೀಟರ್ ಗೇಜ್ ಕಾಲ ಕಂಡವರಿಗೆ ಇದರ ಕಷ್ಟ ಬಿಡಿಸಿ ಹೇಳಬೇಕಿಲ್ಲ. ಮೈಸೂರಿನಿಂದ ಮದರಾಸಿಗೆ ಹೋಗುವ ಸರಕನ್ನು ಬೆಂಗಳೂರಿನಲ್ಲಿ ಇಳಿಸಿ, ಬ್ರಾಡ್ ಗೇಜ್ ಗಾಡಿಗೆ ಮತ್ತೆ ಏರಿಸಬೇಕಿತ್ತು. ಅದೇ ಕೆಲಸವನ್ನು ಗುಂಡು, ಪೆಟ್ರೋಲು, ಲಕ್ಷಾಂತರ ಜನರ ಊಟಕ್ಕೆ, ಯುದ್ಧದ ನಡುವೆ ಮಾಡಬೇಕಾದರೆ? ಇಲ್ಲವೇ ಸಾವಿರಾರು ಕಿಲೋಮೀಟರ್ ಹಳಿಯನ್ನು ಕಿತ್ತು ಒಳಕ್ಕೆ ಸರಿಸಿ ಮೊಳೆ ಹೊಡೆಯಬೇಕು. ಅವರು ಎರಡನ್ನೂ ಮಾಡಿದರು, ಎರಡೂ ಸಾಲಲಿಲ್ಲ.

ಅಕ್ಟೋಬರಿನ ಮಳೆಗೆ ರಸ್ತೆಗಳು ಕೆಸರಾದವು. ಮೇಲೆ ಹಿಮ. ಚಳಿಗಾಲಕ್ಕೆ ಮೊದಲೇ ಯುದ್ಧ ಮುಗಿಯುತ್ತದೆ ಎಂಬ ಲೆಕ್ಕದಲ್ಲಿ ಹೊರಟವರಿಗೆ ಬೆಚ್ಚನೆಯ ಬಟ್ಟೆ ಸಾಕಷ್ಟು ಬಂದಿರಲಿಲ್ಲ. ಡಿಸೆಂಬರ್ 5ರಂದು ಮಾಸ್ಕೋ ಎದುರಿನಲ್ಲಿ ಸೋವಿಯತ್ ಸೈನ್ಯ ತಿರುಗಿ ಬಿತ್ತು.

‘ರಷ್ಯಾವನ್ನು ಚಳಿ ಗೆಲ್ಲಿಸಿತು’ ಎಂಬ ಮಾತು ಶಾಲೆಯಿಂದಲೂ ಕೇಳಿಬಂದಿದ್ದೇವೆ. ಅದು ಅರ್ಧ ಮಾತು. ಚಳಿ ಇಬ್ಬರಿಗೂ ಒಂದೇ. ಸೋವಿಯತ್ ಕಡೆ ಪೂರ್ವದಿಂದ ಬಂದ ಹೊಸ ದಳಗಳಿದ್ದವು. ಅದಕ್ಕಿಂತ ಮುಖ್ಯವಾಗಿ, ಶತ್ರು ಬರುವ ಮುನ್ನ 1,500ಕ್ಕೂ ಹೆಚ್ಚು ಕಾರ್ಖಾನೆಗಳನ್ನು ಕಳಚಿ, ಯಂತ್ರಗಳನ್ನು ರೈಲಿಗೆ ಹೇರಿ, ಕಾರ್ಮಿಕರ ಸಮೇತ ಯೂರಲ್ ಪರ್ವತಗಳ ಕಡೆಗೂ ಅದರಾಚೆಗೂ ಸಾಗಿಸಲಾಗಿತ್ತು. ಕಳೆದುಕೊಂಡ ಟ್ಯಾಂಕಿಗೆ ಬದಲು ಟ್ಯಾಂಕು ಮಾಡುವ ಶಕ್ತಿ ಉಳಿದಿತ್ತು.

ಸಿಂಗಪುರ: ನೀರು ನಿಂತ ನಗರ

1941ರ ಡಿಸೆಂಬರ್ 7ರಂದು ಜಪಾನ್ ಹವಾಯಿಯ ಪರ್ಲ್ ಹಾರ್ಬರ್ ಬಂದರಿನ ಮೇಲೆ ಎರಗಿ ಅಮೆರಿಕದ ಎಂಟು ದೊಡ್ಡ ಯುದ್ಧನೌಕೆಗಳಿಗೆ ಪೆಟ್ಟು ಕೊಟ್ಟಿತು. ಸುಮಾರು 2,400 ಜನ ಸತ್ತರು. ಉಳಿದದ್ದನ್ನೂ ಗಮನಿಸಿ: ಅಮೆರಿಕದ ವಿಮಾನವಾಹಕ ನೌಕೆಗಳು ಆ ದಿನ ಬಂದರಿನಲ್ಲಿರಲಿಲ್ಲ, ತೈಲದ ತೊಟ್ಟಿಗಳಿಗೆ ಬೆಂಕಿ ಬೀಳಲಿಲ್ಲ, ಹಡಗು ದುರಸ್ತಿಯ ಕಟ್ಟೆಗಳು ಹಾಗೆಯೇ ಇದ್ದವು. ಈ ಮೂರು ಮಾತು ಮುಂದೆ ಬರುತ್ತವೆ.

ಅದೇ ಹೊತ್ತಿಗೆ ಜಪಾನಿ ಪಡೆ ಮಲಯಾದ ಉತ್ತರದಲ್ಲಿ ಇಳಿಯಿತು. ಗುರಿ ಸಿಂಗಪುರ. ಬ್ರಿಟಿಷರು ವರ್ಷಗಟ್ಟಲೆ ಹಣ ಸುರಿದು ಕಟ್ಟಿದ ನೌಕಾನೆಲೆ ಅದು. ಅಪಾಯ ಬಂದಾಗ ಯುರೋಪಿನಿಂದ ದೊಡ್ಡ ನೌಕಾಪಡೆ ಬಂದು ಕಾಯುತ್ತದೆ ಎಂಬುದು ಯೋಜನೆ. ಆದರೆ ಯುರೋಪಿನಲ್ಲಿಯೇ ಮನೆಗೆ ಬೆಂಕಿ ಬಿದ್ದಿತ್ತು. ಕಳಿಸಲು ಸಾಧ್ಯವಾದ ದೊಡ್ಡ ಹಡಗುಗಳು ಎರಡು, ‘ಪ್ರಿನ್ಸ್ ಆಫ್ ವೇಲ್ಸ್’ ಮತ್ತು ‘ರಿಪಲ್ಸ್’. ಮೇಲೆ ಕಾಯಲು ವಿಮಾನಗಳಿಲ್ಲದೆ ಹೊರಟ ಅವೆರಡನ್ನೂ ಡಿಸೆಂಬರ್ 10ರಂದು ಜಪಾನಿ ವಿಮಾನಗಳು ಮುಳುಗಿಸಿದವು.

ಸಿಂಗಪುರದ ಫಿರಂಗಿಗಳು ಸಮುದ್ರಕ್ಕೇ ಮುಖ ಮಾಡಿದ್ದರಿಂದ ಸೋಲಾಯಿತು ಎಂಬ ಕತೆ ಬಹಳ ಪ್ರಸಿದ್ಧ. ವಾಸ್ತವವಾಗಿ ಅವುಗಳಲ್ಲಿ ಹಲವನ್ನು ನೆಲದ ಕಡೆಗೂ ತಿರುಗಿಸಬಹುದಿತ್ತು. ಆದರೆ ಇದ್ದ ಗುಂಡುಗಳಲ್ಲಿ ಬಹುಪಾಲು ಹಡಗಿನ ಉಕ್ಕನ್ನು ಸೀಳಲು ಮಾಡಿದವು. ಕಾಲಾಳುಗಳ ಮೇಲೆ ಬಿದ್ದರೆ ಮಣ್ಣಿನಲ್ಲಿ ಹೂತುಹೋಗುತ್ತಿದ್ದವು. ನಿಜವಾದ ಕೊರತೆ ಬೇರೆ ಕಡೆ ಇತ್ತು. ಮಲಯಾದ ಕಾಡಿನಲ್ಲಿ ಟ್ಯಾಂಕು ಓಡುವುದಿಲ್ಲ ಎಂದು ಬ್ರಿಟಿಷರು ಅಲ್ಲಿ ಟ್ಯಾಂಕು ಇಟ್ಟಿರಲಿಲ್ಲ. ಜಪಾನೀಯರು ತಂದರು, ರಸ್ತೆಯ ಮೇಲೆಯೇ ಓಡಿಸಿದರು. ಅವರ ಕಾಲಾಳುಗಳು ಸಾವಿರಾರು ಸೈಕಲ್ಲುಗಳ ಮೇಲೆ ಬಂದರು. ಬ್ರಿಟಿಷ್ ಪಡೆ ಎಲ್ಲಿ ಅಡ್ಡ ನಿಂತರೂ ಪಕ್ಕದ ಕಾಡಿನಿಂದಲೋ ಕರಾವಳಿಯ ದೋಣಿಗಳಲ್ಲೋ ಸುತ್ತಿ ಬೆನ್ನ ಹಿಂದೆ ಕಾಣಿಸಿಕೊಂಡರು. ಎದುರಿಗಿದ್ದವರಲ್ಲಿ ದೊಡ್ಡ ಪಾಲು ಭಾರತೀಯ ಸೈನಿಕರು. ಸೈನ್ಯವನ್ನು ಅವಸರದಲ್ಲಿ ಹಿಗ್ಗಿಸಿದ್ದರಿಂದ ಅನುಭವಿಗಳನ್ನು ಬೇರೆಡೆಗೆ ಕಳಿಸಿ, ಆ ಜಾಗಕ್ಕೆ ಹೊಸ ಹುಡುಗರನ್ನು ತುಂಬಲಾಗಿತ್ತು. ಅವರಲ್ಲಿ ಅನೇಕರು ಜೀವನದಲ್ಲಿ ಮೊದಲ ಬಾರಿಗೆ ಟ್ಯಾಂಕು ಕಂಡದ್ದೇ ಶತ್ರುವಿನದು.

1942ರ ಫೆಬ್ರುವರಿ 8ರ ರಾತ್ರಿ ಜಪಾನೀಯರು ಜೋಹೋರ್ ಜಲಸಂಧಿ ದಾಟಿ ದ್ವೀಪಕ್ಕೆ ಕಾಲಿಟ್ಟರು. ನಿರಾಶ್ರಿತರಿಂದ ತುಂಬಿ ನಗರದ ಜನಸಂಖ್ಯೆ ಹತ್ತು ಲಕ್ಷದ ಹತ್ತಿರ ಬಂದಿತ್ತು. ವಾರದೊಳಗೆ ಜಲಾಶಯಗಳು ಜಪಾನೀಯರ ಹಿಡಿತಕ್ಕೆ ಬಂದವು. ನೀರು ಪೂರ್ತಿ ಕಡಿಯಲಿಲ್ಲ, ಆದರೆ ಬಾಂಬಿಗೆ ಒಡೆದ ಕೊಳವೆಗಳಿಂದ ಅದು ಬೀದಿಗೆ ಹರಿದುಹೋಗುತ್ತಿತ್ತು. ಆಸ್ಪತ್ರೆಯಲ್ಲಿ ಗಾಯ ತೊಳೆಯಲು ನೀರಿಲ್ಲ, ಬೆಂಕಿ ಆರಿಸಲು ನೀರಿಲ್ಲ. ಫೆಬ್ರುವರಿ 15ರ ಬೆಳಿಗ್ಗೆ ಸೇನಾಪತಿ ಪರ್ಸಿವಲ್ ಅಧಿಕಾರಿಗಳನ್ನು ಕೂಡಿಸಿ ಕೇಳಿದಾಗ ಬಂದ ಉತ್ತರ ನೀರು, ಪೆಟ್ರೋಲು, ಗುಂಡು ಮೂರೂ ಮುಗಿಯುತ್ತಿವೆ ಎಂಬುದೇ. ಅಂದು ಸಂಜೆ ಬುಕಿತ್ ತಿಮಾದ ಫೋರ್ಡ್ ಕಾರ್ಖಾನೆಯಲ್ಲಿ ಅವನು ಜಪಾನಿ ಸೇನಾಪತಿ ಯಾಮಾಶಿಟನ ಎದುರು ಶರಣಾಗತಿಗೆ ಸಹಿ ಹಾಕಿದ.

ಮೇಜಿನ ಆಚೆ ಬದಿಯ ಸ್ಥಿತಿಯೂ ನೆಟ್ಟಗಿರಲಿಲ್ಲ. ಯಾಮಾಶಿಟನ ಸೈನಿಕರ ಸಂಖ್ಯೆ ಎದುರಾಳಿಗಿಂತ ಬಹಳ ಕಡಿಮೆ. ಫಿರಂಗಿ ಗುಂಡು ತಳ ಕಂಡಿತ್ತು. ಪರ್ಸಿವಲ್‌ಗೆ ಇದು ಗೊತ್ತಾಗಬಾರದೆಂದೇ ಅವನು ‘ಈಗಲೇ, ಇಲ್ಲಿಯೇ’ ಎಂದು ಪಟ್ಟು ಹಿಡಿದ. ಜಪಾನಿನ ಉಸಿರು ಮುಗಿಯುವ ಮೊದಲೇ ಎದುರಾಳಿ ಕೈ ಚೆಲ್ಲಿದ್ದ.

ಆ ದಿನ ಸಿಂಗಪುರದಲ್ಲಿ ಸುಮಾರು 80,000 ಸೈನಿಕರು ಶರಣಾದರು, ಅವರಲ್ಲಿ ಅರ್ಧದಷ್ಟು ಭಾರತೀಯರು. ಮೈಸೂರು ಸಂಸ್ಥಾನದ ಒಂದನೇ ಮೈಸೂರು ಇನ್‌ಫೆಂಟ್ರಿ ದಳವೂ ಅಲ್ಲಿತ್ತು. ಎರಡು ದಿನಗಳ ನಂತರ ಫ್ಯಾರರ್ ಪಾರ್ಕ್ ಮೈದಾನದಲ್ಲಿ ಭಾರತೀಯ ಸೈನಿಕರನ್ನು ಬೇರೆಯಾಗಿ ಸೇರಿಸಲಾಯಿತು. ಕ್ಯಾಪ್ಟನ್ ಮೋಹನ್ ಸಿಂಗ್ ಅವರ ಮೊದಲ ಆಜಾದ್ ಹಿಂದ್ ಸೇನೆಯ ಬೇರು ಅಲ್ಲಿದೆ.

ಆ ಸೋಲು ನಮ್ಮ ಮನೆಗೆ ಬಂದ ಬಗೆ

ಮಾರ್ಚ್ 8ಕ್ಕೆ ರಂಗೂನ್ ಬಿತ್ತು. ಬರ್ಮಾದಲ್ಲಿ ನೆಲೆಸಿದ್ದ ಲಕ್ಷಾಂತರ ಭಾರತೀಯರು ಕಾಡು, ಬೆಟ್ಟ ದಾಟಿ ನಡೆದೇ ಹೊರಟರು. ಸಾವಿರಾರು ಜನ ದಾರಿಯಲ್ಲಿಯೇ ಸತ್ತರು. ಬರ್ಮಾದ ಅಕ್ಕಿ ನಿಂತಿತು. ಮರುವರ್ಷದ ಬಂಗಾಳದ ಭೀಕರ ಕ್ಷಾಮಕ್ಕೆ ಹಲವು ಕಾರಣಗಳಲ್ಲಿ ಇದೂ ಒಂದು. ಏಪ್ರಿಲ್ 5ರಂದು ಜಪಾನಿ ವಿಮಾನಗಳು ಕೊಲಂಬೊ ಮೇಲೆ, 6ರಂದು ವಿಶಾಖಪಟ್ಟಣ ಮತ್ತು ಕಾಕಿನಾಡದ ಮೇಲೆ ಬಾಂಬು ಹಾಕಿದವು. ದಾಳಿಯ ಭಯಕ್ಕೆ ಮದರಾಸಿನ ಜನ ಗಂಟುಮೂಟೆ ಕಟ್ಟಿ ಊರು ಬಿಟ್ಟರು.

ಬೆಂಗಳೂರಿನಲ್ಲಿ 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆಗೂಡಿ ಆರಂಭಿಸಿದ್ದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಅಮೆರಿಕದ ಯುದ್ಧವಿಮಾನಗಳ ದುರಸ್ತಿ ಕೇಂದ್ರವಾಯಿತು. ಇಂದಿನ ಎಚ್‌ಎಎಲ್ ಬೆಳೆದದ್ದು ಆ ಎಣ್ಣೆ, ಗ್ರೀಸಿನ ನಡುವೆ. ಉತ್ತರ ಆಫ್ರಿಕಾದಲ್ಲಿ ಸೆರೆ ಸಿಕ್ಕ ಇಟಲಿಯ ಸಾವಿರಾರು ಸೈನಿಕರನ್ನು ತಂದು ಇರಿಸಿದ್ದೂ ಜಾಲಹಳ್ಳಿ ಮೊದಲಾಗಿ ಬೆಂಗಳೂರಿನ ಸುತ್ತಲಿನ ಶಿಬಿರಗಳಲ್ಲಿಯೇ.

ಮಿಡ್‌ವೇ: ನೀರಿನ ಒಂದು ಸುಳ್ಳು

ವಿಮಾನವಾಹಕ ನೌಕೆ ಎಂದರೆ ತೇಲುವ ವಿಮಾನ ನಿಲ್ದಾಣ. ಮೇಲೆ ಓಡುದಾರಿ, ಕೆಳಗೆ ವಿಮಾನ, ಪೆಟ್ರೋಲು, ಬಾಂಬು. ಅದರ ಬಲವೂ ಅದೇ, ದೌರ್ಬಲ್ಯವೂ ಅದೇ: ಒಂದು ಬಾಂಬು ತಪ್ಪು ಹೊತ್ತಿನಲ್ಲಿ ಬಿದ್ದರೆ ಇಡೀ ಹಡಗು ಸಿಡಿಮದ್ದಿನ ಕೋಣೆ.

1942ರ ಮೇ ತಿಂಗಳಲ್ಲಿ ಹವಾಯಿಯ ಒಂದು ನೆಲಮಾಳಿಗೆಯಲ್ಲಿ ಜೋಸೆಫ್ ರೋಷ್‌ಫೋರ್ಟ್ ಎಂಬ ನೌಕಾಧಿಕಾರಿಯ ತಂಡ ಜಪಾನಿನ ಗುಪ್ತಲಿಪಿಯ ಸಂದೇಶಗಳನ್ನು ತುಣುಕು ತುಣುಕಾಗಿ ಬಿಡಿಸುತ್ತಿತ್ತು. ‘ಎಎಫ್’ ಎಂಬ ಜಾಗದ ಮೇಲೆ ದೊಡ್ಡ ದಾಳಿ ಬರಲಿದೆ. ಎಎಫ್ ಎಂದರೆ ಯಾವುದು? ಪೆಸಿಫಿಕ್ ನಡುವಿನ ಪುಟ್ಟ ದ್ವೀಪ ಮಿಡ್‌ವೇ ಎಂದು ತಂಡದ ಊಹೆ, ಮೇಲಿನವರಿಗೆ ಅನುಮಾನ. ಅದಕ್ಕೊಂದು ಉಪಾಯ ಹೂಡಿದರು. ಕದ್ದು ಕೇಳಲಾಗದ ಸಮುದ್ರತಳದ ತಂತಿಯ ಮೂಲಕ ಮಿಡ್‌ವೇಗೆ ಸೂಚನೆ ಹೋಯಿತು: ‘ಸಿಹಿನೀರು ತಯಾರಿಸುವ ಯಂತ್ರ ಕೆಟ್ಟಿದೆ ಎಂದು ರೇಡಿಯೋದಲ್ಲಿ ಬಹಿರಂಗವಾಗಿ ಹೇಳಿ.’ ಮಿಡ್‌ವೇ ಹೇಳಿತು. ಸ್ವಲ್ಪದರಲ್ಲಿಯೇ ಜಪಾನಿನ ಸಂದೇಶವೊಂದು ಸಿಕ್ಕಿತು: ಎಎಫ್‌ನಲ್ಲಿ ಸಿಹಿನೀರಿನ ಕೊರತೆ.

ದಾಳಿಯ ಜಾಗ ತಿಳಿಯಿತು. ಕಾದು ಕೂರಲು ಹಡಗು ಬೇಕು. ಹವಳ ಸಮುದ್ರದ ಕದನದಲ್ಲಿ ಪೆಟ್ಟು ತಿಂದು ಬಂದಿದ್ದ ವಿಮಾನವಾಹಕ ‘ಯಾರ್ಕ್‌ಟೌನ್’ ಸರಿಹೋಗಲು ತಿಂಗಳುಗಳೇ ಬೇಕೆಂಬ ಅಂದಾಜಿತ್ತು. ಪರ್ಲ್ ಹಾರ್ಬರಿನ ಕೆಲಸಗಾರರು ಹಗಲಿರುಳು ದುಡಿದು ಸುಮಾರು ಮೂರೇ ದಿನದಲ್ಲಿ ಅದನ್ನು ಸಮುದ್ರಕ್ಕೆ ಕಳಿಸಿದರು. ಉಳಿದಿದ್ದ ದುರಸ್ತಿ ಕಟ್ಟೆ, ತೈಲ, ವಿಮಾನವಾಹಕಗಳು ಎಂದೆನಲ್ಲ, ಅವು ಉಪಯೋಗಕ್ಕೆ ಬಂದದ್ದು ಹೀಗೆ.

ಜೂನ್ 4ರ ಬೆಳಿಗ್ಗೆ ಮೊದಲು ಹೋದ ಅಮೆರಿಕದ ಟಾರ್ಪಿಡೊ ವಿಮಾನಗಳ ಗತಿ ಹೇಳಲು ಸಂಕಟವಾಗುತ್ತದೆ. ಒಂದು ದಳದ ಹದಿನೈದಕ್ಕೆ ಹದಿನೈದು ವಿಮಾನಗಳೂ ಬಿದ್ದವು. ಬದುಕಿ ಉಳಿದವನು ಒಬ್ಬನೇ. ಅಷ್ಟರಲ್ಲಿ ಮೆಕ್‌ಕ್ಲಸ್ಕಿ ಎಂಬ ಅಧಿಕಾರಿಯ ಬಾಂಬರ್ ದಳ ಶತ್ರುವನ್ನು ಹುಡುಕಿ ಸಿಗದೆ, ಪೆಟ್ರೋಲು ಕಡಿಮೆಯಾಗುತ್ತಿರುವಾಗ, ಒಂಟಿಯಾಗಿ ವೇಗವಾಗಿ ಓಡುತ್ತಿದ್ದ ಒಂದು ಜಪಾನಿ ಹಡಗನ್ನು ಕಂಡಿತು. ಅದು ತನ್ನ ಗುಂಪನ್ನು ಸೇರಲು ಹೋಗುತ್ತಿರಬೇಕು ಎಂದು ಊಹಿಸಿ ಅದೇ ದಿಕ್ಕು ಹಿಡಿದರು. ಎದುರಿಗೆ ಜಪಾನಿನ ವಿಮಾನವಾಹಕಗಳು. ಒಳಗೆ ವಿಮಾನಗಳಿಗೆ ಪೆಟ್ರೋಲು, ಬಾಂಬು ತುಂಬುವ ಗಡಿಬಿಡಿ. ಹತ್ತು ಗಂಟೆ ಇಪ್ಪತ್ತು ನಿಮಿಷದ ಸುಮಾರಿಗೆ ಬಾಂಬುಗಳು ಬಿದ್ದವು. ಕೆಲವೇ ನಿಮಿಷಗಳಲ್ಲಿ ಅಕಾಗಿ, ಕಾಗಾ, ಸೋರ್ಯು ಮೂರೂ ಉರಿಯುತ್ತಿದ್ದವು. ಸಂಜೆಗೆ ನಾಲ್ಕನೆಯದು, ಹಿರ್ಯು. ನಾಲ್ಕೂ ಪರ್ಲ್ ಹಾರ್ಬರ್ ದಾಳಿಗೆ ಹೋಗಿದ್ದ ಹಡಗುಗಳು. ವಿಮಾನವಾಹಕಗಳಲ್ಲಿ ಅಮೆರಿಕ ಕಳೆದುಕೊಂಡದ್ದು ಯಾರ್ಕ್‌ಟೌನ್ ಒಂದನ್ನು.

ಅದೃಷ್ಟವೂ ಇತ್ತು, ಇಲ್ಲವೆನ್ನುವುದು ಅಪ್ರಾಮಾಣಿಕತೆ. ಆದರೆ ಇದನ್ನು ತಿರುವು ಎಂದು ಕರೆಯುವುದು ಮುಂದಿನ ವರ್ಷದ ಲೆಕ್ಕ ನೋಡಿ. 1943ರಲ್ಲಿ ಅಮೆರಿಕದ ನೌಕಾಪಡೆಗೆ ದೊಡ್ಡದು, ಚಿಕ್ಕದು ಸೇರಿ ಹತ್ತಕ್ಕೂ ಹೆಚ್ಚು ಹೊಸ ವಿಮಾನವಾಹಕಗಳು ಸೇರಿದವು. ಜಪಾನಿಗೆ ಆ ನಾಲ್ಕರ ಜಾಗ ತುಂಬಲು ಆಗಲೇ ಇಲ್ಲ.

ಎಲ್ ಅಲಮೇನ್, ಸ್ಟಾಲಿನ್‌ಗ್ರಾಡ್: ಎಣ್ಣೆ ಮತ್ತು ಅನ್ನ

ಆಫ್ರಿಕಾದ ಕತೆ ಎಣ್ಣೆಯದು. ರೋಮೆಲ್ 1942ರ ಜೂನ್ 21ರಂದು ಲಿಬಿಯಾದ ಟೊಬ್ರುಕ್ ಬಂದರನ್ನು ಗೆದ್ದು ಸುಮಾರು 33,000 ಜನರನ್ನು ಸೆರೆ ಹಿಡಿದ. ಆ ಗೆಲುವಿನ ಭರದಲ್ಲಿ ಈಜಿಪ್ಟಿನ ಎಲ್ ಅಲಮೇನ್‌ವರೆಗೆ ಬಂದ. ಅವನ ದೊಡ್ಡ ಬಂದರು ಟ್ರಿಪೊಲಿ ಹಿಂದೆ ಉಳಿದದ್ದು ಸುಮಾರು ಎರಡು ಸಾವಿರ ಕಿಲೋಮೀಟರ್. ಹುಲ್ಲು ಹೇರಿದ ಗಾಡಿ ತೀರಾ ದೂರ ಹೋಗಬೇಕಾದರೆ ದಾರಿಯಲ್ಲಿ ಎತ್ತುಗಳೇ ಆ ಹುಲ್ಲನ್ನು ತಿಂದು ಮುಗಿಸುತ್ತವೆ. ಪೆಟ್ರೋಲು ತರುವ ಲಾರಿಗಳೂ ಹಾಗೆಯೇ ಅದನ್ನು ಸುಡುತ್ತಿದ್ದವು. ಸಮುದ್ರದಲ್ಲಿ ಬರುತ್ತಿದ್ದ ತೈಲದ ಹಡಗುಗಳನ್ನು ಬ್ರಿಟಿಷರು ಮಾಲ್ಟಾ ದ್ವೀಪದಿಂದ ಹುಡುಕಿ ಮುಳುಗಿಸಿದರು. ಬ್ರಿಟಿಷರ ಪೂರೈಕೆ ಕೇಂದ್ರವೋ ಬೆನ್ನ ಹಿಂದೆಯೇ. ಅಕ್ಟೋಬರ್ 23ರ ಬೆಳದಿಂಗಳ ರಾತ್ರಿ ಬ್ರಿಟಿಷರ ನೂರಾರು ಫಿರಂಗಿಗಳು ಒಟ್ಟಿಗೆ ಗುಡುಗಿದವು. ನಾಲ್ಕನೇ ಭಾರತೀಯ ಡಿವಿಷನ್ (ಸೈನ್ಯದ ಒಂದು ದೊಡ್ಡ ವಿಭಾಗ) ಸಹ ಆ ಸಾಲಿನಲ್ಲಿತ್ತು. ನವೆಂಬರ್ 4ಕ್ಕೆ ರೋಮೆಲ್ ಹಿಂದೆ ಸರಿಯತೊಡಗಿದ.

ಸ್ಟಾಲಿನ್‌ಗ್ರಾಡ್‌ನಲ್ಲಿ ಜರ್ಮನಿಯ ಆರನೇ ಸೈನ್ಯ ಬೀದಿ ಬೀದಿಗೆ, ಮಹಡಿ ಮಹಡಿಗೆ ಹೋರಾಡುತ್ತ ನಗರದ ಬಹುಭಾಗ ಹಿಡಿದಿತ್ತು. ಅದರ ಎರಡೂ ಪಕ್ಕಗಳನ್ನು ಕಾಯುತ್ತಿದ್ದವರು ಜರ್ಮನಿಯ ಜೊತೆಗಿದ್ದ ರೊಮೇನಿಯಾದ ಸೈನಿಕರು. ಟ್ಯಾಂಕು ತಡೆಯುವ ಒಳ್ಳೆಯ ಫಿರಂಗಿಗಳನ್ನು ಅವರಿಗೆ ಸಾಕಷ್ಟು ಕೊಟ್ಟಿರಲಿಲ್ಲ. ನವೆಂಬರ್ 19ರಂದು ಸೋವಿಯತ್ ಸೈನ್ಯ ಹೊಡೆದದ್ದು ಆ ಪಕ್ಕಗಳಿಗೆ. ನಾಲ್ಕು ದಿನಕ್ಕೆ ಎರಡು ತುದಿಗಳೂ ಹಿಂದುಗಡೆ ಕೂಡಿಕೊಂಡವು. ಎರಡೂವರೆ ಲಕ್ಷಕ್ಕೂ ಹೆಚ್ಚು ಜನ ಒಳಗೆ ಸಿಕ್ಕಿಬಿದ್ದರು.

ವಿಮಾನದಲ್ಲಿಯೇ ಎಲ್ಲ ತಲುಪಿಸುತ್ತೇನೆ ಎಂದು ಜರ್ಮನ್ ವಾಯುಪಡೆಯ ಮುಖ್ಯಸ್ಥ ಗೋರಿಂಗ್ ಮಾತು ಕೊಟ್ಟ. ದಿನಕ್ಕೆ ಕನಿಷ್ಠ 300 ಟನ್ ಬೇಕು. ತಲುಪಿದ್ದು ಸರಾಸರಿ ನೂರು ಟನ್ನಿನ ಆಸುಪಾಸು. ಮೂವರಿಗೆ ಮಾಡಿದ ಅಡುಗೆಯಲ್ಲ ಇದು, ಒಬ್ಬನ ಅಡುಗೆಯನ್ನು ಮೂವರಿಗೆ, ತಿಂಗಳುಗಟ್ಟಲೆ, ಹಿಮದಲ್ಲಿ ಹಂಚಿದ್ದು. ಕುದುರೆಗಳನ್ನು ಕಡಿದು ತಿಂದರು. ಜನವರಿಯಲ್ಲಿ ವಿಮಾನ ಇಳಿಯುವ ಬಯಲುಗಳೂ ಕೈಬಿಟ್ಟವು. ಜನವರಿ 31ರಂದು ಆರನೇ ಸೈನ್ಯದ ಸೇನಾಪತಿ ಪೌಲಸ್, ಫೆಬ್ರುವರಿ 2ರಂದು ಉಳಿದವರು ಶರಣಾದರು. ಸೆರೆ ಸಿಕ್ಕ ಸುಮಾರು 91,000 ಜನರಲ್ಲಿ ವರ್ಷಗಳ ನಂತರ ಊರಿಗೆ ಮರಳಿದವರು ಐದಾರು ಸಾವಿರ.

ಇದರಲ್ಲಿ ನಿಜವಾದ ತಿರುವು ಯಾವುದು?

ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಮಾಸ್ಕೋ ಎನ್ನುವವರಿದ್ದಾರೆ, ಸ್ಟಾಲಿನ್‌ಗ್ರಾಡ್ ಎನ್ನುವವರಿದ್ದಾರೆ. ಅಲಮೇನ್ ಗೆದ್ದ ಮೇಲೆ ಚರ್ಚಿಲ್ ಕೂಡ ಇದು ಅಂತ್ಯವಲ್ಲ, ಅಂತ್ಯದ ಆರಂಭವೂ ಅಲ್ಲ, ಬಹುಶಃ ಆರಂಭದ ಅಂತ್ಯ ಎಂದಷ್ಟೇ ಹೇಳಿದ. ನನ್ನ ಮಟ್ಟಿಗೆ, ಹೆಚ್ಚು ಸದ್ದು ಮಾಡದ ಒಂದು ತಿಂಗಳಿಗೆ ಸಲ್ಲಬೇಕಾದ ಗಮನ ಸಂದಿಲ್ಲ: 1943ರ ಮೇ. ಅಮೆರಿಕದಿಂದ ಬ್ರಿಟನ್ನಿಗೆ ಆಹಾರ, ತೈಲ, ಟ್ಯಾಂಕು ತರುವ ಹಡಗುಗಳನ್ನು ಜರ್ಮನ್ ಜಲಾಂತರ್ಗಾಮಿಗಳು ಅಟ್ಲಾಂಟಿಕ್ ಸಾಗರದಲ್ಲಿ ಮುಳುಗಿಸುತ್ತಿದ್ದವು. ಆ ಒಂದೇ ತಿಂಗಳಲ್ಲಿ ಸುಮಾರು 41 ಜಲಾಂತರ್ಗಾಮಿಗಳು ನಾಶವಾಗಿ, ಜರ್ಮನ್ ನೌಕಾಧಿಪತಿ ಡ್ಯೋನಿಟ್ಸ್ ಉಳಿದವನ್ನು ಉತ್ತರ ಅಟ್ಲಾಂಟಿಕ್‌ನಿಂದ ಹಿಂದಕ್ಕೆ ಕರೆಸಿಕೊಂಡ. ದಾರಿ ತೆರೆಯಿತು. ಯುದ್ಧದ ಅವಧಿಯಲ್ಲಿ ಅಮೆರಿಕ ಮಾಡಿದ ವಿಮಾನಗಳು ಸುಮಾರು ಮೂರು ಲಕ್ಷ. ಇಷ್ಟನ್ನು ಮಾಡಿದರೆ ಸಾಲದು, ಬೇಕಾದಲ್ಲಿಗೆ ತಲುಪಿಸಬೇಕು. ತಲುಪಿಸುವ ದಾರಿ ಯಾರ ಕೈಯಲ್ಲಿದೆ ಎಂಬುದು ನಿರ್ಧಾರವಾದದ್ದು ಆ ತಿಂಗಳು.

ನಮ್ಮ ಬಾಗಿಲಿನಲ್ಲಿ: ಕೊಹಿಮಾ

ಭಾರತದ ಮಟ್ಟಿಗೆ ತಿರುವು ಇನ್ನೂ ತಡವಾಗಿ, 1944ರಲ್ಲಿ ಬಂತು. ಜಪಾನಿ ಸೇನಾಪತಿ ಮುಟಗುಚಿ ಮೂರು ಡಿವಿಷನ್‌ಗಳನ್ನು ಚಿಂದ್ವಿನ್ ನದಿ ದಾಟಿಸಿ ಇಂಫಾಲ ಮತ್ತು ಕೊಹಿಮಾ ಕಡೆಗೆ ಕಳಿಸಿದ. ಜೊತೆಗೆ ಆಜಾದ್ ಹಿಂದ್ ಸೇನೆಯ ದಳಗಳೂ ಇದ್ದವು. ಹೀಗೆ ಆ ಬೆಟ್ಟಗಳಲ್ಲಿ ಭಾರತೀಯರ ಎದುರು ಭಾರತೀಯರೇ ನಿಂತರು. ಸೈನಿಕರ ಬಳಿ ಇದ್ದದ್ದು ಸುಮಾರು ಮೂರು ವಾರದ ಆಹಾರ. ದಾರಿಯಲ್ಲಿ ತಿನ್ನಲು ದನಗಳನ್ನು ಅಟ್ಟಿಕೊಂಡು ಹೊರಟರು. ಅವುಗಳಲ್ಲಿ ಬಹಳಷ್ಟು ನದಿ, ಬೆಟ್ಟ ದಾಟುವಾಗಲೇ ಹೋದವು. ಮುಂದಿನದು ಇಂಫಾಲದ ಬ್ರಿಟಿಷ್ ಉಗ್ರಾಣಗಳನ್ನು ಹಿಡಿದಾಗ ಸಿಗುತ್ತದೆ ಎಂಬ ಲೆಕ್ಕ. ಸಿಂಗಪುರದಲ್ಲಿ ಇಂಥದೇ ಲೆಕ್ಕ ಫಲಿಸಿತ್ತು.

ಈ ಬಾರಿ ಸುತ್ತುವರಿದರೂ ಎದುರಾಳಿ ಜಾಗ ಬಿಡಲಿಲ್ಲ. ಆಹಾರ, ಗುಂಡು, ನೀರನ್ನು ಕೂಡ ವಿಮಾನದಲ್ಲಿ ತಂದು ಇಳಿಸಲಾಯಿತು. ಕೊಹಿಮಾದಲ್ಲಿ ಜಿಲ್ಲಾಧಿಕಾರಿಯ ಬಂಗಲೆಯ ಟೆನಿಸ್ ಅಂಗಳದ ಒಂದು ಬದಿಗೆ ಜಪಾನೀಯರು, ಇನ್ನೊಂದು ಬದಿಗೆ ಬ್ರಿಟಿಷ್ ಮತ್ತು ಭಾರತೀಯ ಸೈನಿಕರು. ನಡುವೆ ಕೈಬಾಂಬು ಎಸೆಯುವಷ್ಟೇ ಅಂತರ. ವಾರಗಳು ಕಳೆದವು, ಮಳೆಗಾಲ ಹಿಡಿಯಿತು. ಕೊಹಿಮಾದ ಜಪಾನಿ ಡಿವಿಷನ್ನಿನ ಮುಖ್ಯಸ್ಥ ಸಾಟೊ ಅಕ್ಕಿ, ಗುಂಡು ಕಳಿಸಿ ಎಂದು ಮೇಲಿಂದ ಮೇಲೆ ಕೇಳಿದ. ಬರಲಿಲ್ಲ. ಮೇ 31ರಂದು ಅವನು ಮೇಲಧಿಕಾರಿಯ ಅಪ್ಪಣೆಯನ್ನು ಮೀರಿ ತನ್ನವರನ್ನು ಹಿಂದಕ್ಕೆ ಕರೆದುಕೊಂಡು ಹೊರಟ. ಹಿಂದಿರುಗುವ ಆ ಕೆಸರಿನ ದಾರಿಯಲ್ಲಿ ಹಸಿವು, ಭೇದಿ, ಮಲೇರಿಯಾದಿಂದ ಸಾವಿರಾರು ಜನ ಸತ್ತರು.

ಜೂನ್ 22ರಂದು ಕೊಹಿಮಾ ಕಡೆಯಿಂದ ಬಂದವರೂ ಇಂಫಾಲದ ಕಡೆಯಿಂದ ಬಂದವರೂ 109ನೇ ಮೈಲಿಗಲ್ಲಿನ ಬಳಿ ಸಂಧಿಸಿದರು. ಮೂರು ತಿಂಗಳ ಹತ್ತಿರ ಮುಚ್ಚಿದ್ದ ರಸ್ತೆಯಲ್ಲಿ ಮತ್ತೆ ಲಾರಿಗಳು ಓಡತೊಡಗಿದವು.